ಗುರುಮಲ್ಲನ ಸೊಟ್ಟ ಪದಗಳು

ಕೂತ್ಕೊಳ್ಳಿ. ಕಾಲು ಮಡಚಿ ಕೂತ್ಕೊಳ್ಳಿ, ಜಗಲಿ ನಿಮ್ಮೊಬ್ಬರಿಗೇ ಬರೆದು ಕೊಟ್ಟಿಲ್ಲ. ಪೆದ್ದನ ಕತೆ ಬೇಕು ಅಂದ್ರಿ, ಹೇಳ್ತೀನಿ. ನಗೋ ಕಡೆ ನಗಿ, ಬೇಡ ಅನ್ನಲ್ಲ. ಆದ್ರೆ ನಡುವೆ ಯಾರಾದ್ರೂ ‘ಆಮೇಲೆ, ಆಮೇಲೆ’ ಅಂತ ತಿವಿದ್ರೆ ಅಲ್ಲಿಗೇ ನಿಲ್ಲಿಸಿ ಒಳಗೆ ಹೋಗ್ತೀನಿ. ಮೊದಲೇ ನಂಗೆ ಈ ಕತೆ ಹೇಳೋಕೆ ಅಷ್ಟಾಗಿ ಮನಸ್ಸಿಲ್ಲ.

ನಮ್ಮ ಹುಣಸೆಕೊಪ್ಪಲಲ್ಲಿ ದೇವಮ್ಮಣ್ಣಿ ಅಂತ ಒಬ್ಬಳು ಇದ್ಲು. ಗಂಡ ತೀರಿಹೋಗಿದ್ದ. ಒಬ್ಬನೇ ಮಗ, ಗುರುಮಲ್ಲ. ಇಪ್ಪತ್ನಾಲ್ಕು ವರ್ಷದ ಆಳು, ತೊಲೆ ಹಾಗೆ ಬೆಳೆದಿದ್ದ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಒಂದು ಕಡ್ಡಿ ಆಚೆಗಿಲ್ಲ, ಒಂದು ಕಡ್ಡಿ ಈಚೆಗಿಲ್ಲ. ಮಜ್ಜಿಗೆ ಮೇಲೆ ಕಣ್ಣಿಟ್ಟಿರೋ ಅಂತ ಹೇಳಿ ಅವ್ವ ಹೊಲಕ್ಕೆ ಹೋದ್ಲು. ಬೆಕ್ಕು ಬಂತು, ಮಡಕೆಗೆ ಮೂತಿ ಇಟ್ಟಿತು, ತಳ ಕಾಣೋವರೆಗೂ ಕುಡೀತು. ಇವನು ರೆಪ್ಪೆ ಹೊಡೀದೆ ನೋಡ್ತಾ ಕೂತಿದ್ದ. ಅವ್ವ ಬಂದು ತಲೆ ತಲೆ ಚಚ್ಕೊಂಡ್ರೆ, ಕಣ್ಣು ತೆಗೀಲೇ ಇಲ್ಲ ಅವ್ವ ಅಂದ. ನಿಜ, ತೆಗೆದಿರಲಿಲ್ಲ.

ನಾನು ಆಗ ಅವರ ಪಕ್ಕದ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷ. ನಡುವೆ ಒಂದು ಮೋಟುಗೋಡೆ, ಅಷ್ಟೇ. ದೇವಮ್ಮಣ್ಣೀನ ದೊಡ್ಡವ್ವ ಅಂತಿದ್ದೆ. ಅವನು ನನ್ನ ಅಕ್ಕ ಅಂತಿದ್ದ. ಆ ಗೋಡೆ ಆಚೆ ಬೈಗುಳ ಕೇಳದೆ ನಮ್ಮನೇಲಿ ಹೊತ್ತು ಹುಟ್ತಿರಲಿಲ್ಲ.

ದೊಡ್ಡವ್ವನಿಗೆ ಇದ್ದದ್ದು ಒಂದೇ ಚಿಂತೆ, ಗೋಡೆ ಆಚೆಯಿಂದ ನನ್ನ ಹತ್ರ ಹೇಳ್ಕೊಳ್ಳೋಳು. ‘ನಾನಿರೋವರೆಗೂ ಮುದ್ದೆ ಕಟ್ಟಿ ಹಾಕ್ತೀನಿ ಕಣೆ ಚೆನ್ನಾಜಿ. ನಾನು ಹೋದ ಮೇಲೆ ಇದಕ್ಕೆ ಯಾರು ಹಾಕ್ತಾರೆ? ಹಸಿವಾಯ್ತು ಅಂತ ಕೇಳೋಕೂ ಯಾರಾದ್ರೂ ಹೇಳಿಕೊಡಬೇಕು ಇದಕ್ಕೆ.’

ಇದ್ದ ದಾರೀನೂ ಒಂದೇ. ಗಂಡ ಕಚೇರೀಲಿ ಜವಾನ ಆಗಿದ್ದ, ಕೆಲಸದಲ್ಲಿದ್ದಾಗಲೇ ಸತ್ತ. ಮಗ ಹತ್ತನೇ ಕ್ಲಾಸು ಪಾಸು ಮಾಡಿದ್ರೆ ಅಪ್ಪನ ಜಾಗ ಕೊಡ್ತೀವಿ ಅಂತ ಹೇಳಿದ್ರು. ಗುರುಮಲ್ಲ ಒಂದೊಂದು ವರ್ಷಕ್ಕೆ ಒಂದೊಂದು ವಿಷಯ ಅಂತ ಎಲ್ಲಾ ದಾಟಿದ್ದ. ಇಂಗ್ಲಿಷ್ ಒಂದು ಮಾತ್ರ ಗಂಟಲಲ್ಲಿ ಮುಳ್ಳಾಗಿ ಉಳ್ಕೊಂಡಿತ್ತು. ಅದೊಂದು ಇಳಿದ್ರೆ ದೊಡ್ಡವ್ವ ಕಣ್ಣು ಮುಚ್ಚೋಕೆ ಸಿದ್ಧ.

ಊರಾಚೆ ಮರಿಬಸಪ್ಪ ಮೇಷ್ಟ್ರ ಮನೆ. ಲಕ್ವ ಹೊಡೆದು ನಾಲ್ಕು ವರ್ಷದಿಂದ ಒಳಮನೇಲಿ ಮಲಗಿದ್ರು. ಹಿಂದೆ ಮುಂದೆ ಯಾರೂ ಇಲ್ಲ, ಅಡುಗೆಯವಳು ಬಂದು ಬೇಯಿಸಿಟ್ಟು ಹೋಗೋಳು. ಅವರ ಮುಖ ಊರಿನವರಿಗೆ ಮರೆತೇ ಹೋಗಿತ್ತು. ದನಿ ಮಾತ್ರ ಗಟ್ಟಿಯಾಗಿತ್ತು. ಪಾಠಕ್ಕೆ ಬಂದೋರು ಹೊರಗೆ ಜಗಲಿ ಮೇಲೆ ಕೂರಬೇಕು, ಮೇಷ್ಟ್ರು ಕತ್ತಲಲ್ಲಿ ಮಲಗಿದ್ದ ಕಡೆಯಿಂದ ಗೋಡೆಯ ಸಣ್ಣ ಗವಾಕ್ಷಿ ಮೂಲಕ ಕೂಗೋರು. ಗವಾಕ್ಷಿಗೆ ಪಾಠ ಒಪ್ಪಿಸಿ ಮನೆಗೆ ಬರಬೇಕು. ದೊಡ್ಡವ್ವ ಮಗನನ್ನ ಅಲ್ಲಿಗೆ ಕಳಿಸಿದ್ಲು.

ಮೇಷ್ಟ್ರು ಹೇಳಿದ್ರಂತೆ, ಇಂಗ್ಲಿಷಲ್ಲಿ ಮಾಡೋ ಕೆಲಸಕ್ಕೆಲ್ಲ ಮೂರು ಮನೆ. ಒಂದನೇ ಮನೇಲಿ ಈಗ ಮಾಡೋದು. ಎರಡನೇ ಮನೇಲಿ ಮಾಡಿದ್ದು. ಮೂರನೇ ಮನೇಲಿ ಮಾಡಿ ಮುಗಿದೇ ಹೋಗಿದ್ದು. ಹೆಚ್ಚಿನ ಪದ ನೆಟ್ಟಗೆ ನಡೀತವೆ, ವಾಕ್ ವಾಕ್ಡ್ ವಾಕ್ಡ್, ಹಿಂದೆ ಒಂದು ಬಾಲ ಕಟ್ಟಿದ್ರೆ ಆಯ್ತು. ಇನ್ನು ಕೆಲವು ಸೊಟ್ಟ. ಗೋ ಅಂತ ಮನೆಯಿಂದ ಹೊರಡುತ್ತೆ, ಎರಡನೇ ಮನೆ ಸೇರೋ ಹೊತ್ತಿಗೆ ಗುರುತೇ ಸಿಗಲ್ಲ, ವೆಂಟ್ ಆಗಿರುತ್ತೆ. ಮೂರನೇ ಮನೇಲಿ ಗಾನ್. ಯಾಕೆ ಅಂತ ಕೇಳಿದ ಹುಡುಗರಿಗೆಲ್ಲ ಮೇಷ್ಟ್ರು ಬೈದು ಓಡಿಸಿದ್ರು. ಸೊಟ್ಟ ಪದಕ್ಕೆ ಯಾಕೆ ಅನ್ನೋದಿಲ್ಲ, ಹೇಳಿದ ಹಾಗೆ ಒಪ್ಪಿಸಬೇಕು.

ಹೇಳಿದ ಹಾಗೆ ಒಪ್ಪಿಸೋದು! ನಮ್ಮ ಗುರುಮಲ್ಲನಿಗೆ ಇನ್ನೇನು ಬೇಕು? ಅವನು ಹುಟ್ಟಿದಾಗಿಂದ ಯಾಕೆ ಅಂದೋನೇ ಅಲ್ಲ. ಎರಡು ತಿಂಗಳಲ್ಲಿ ಎಂಬತ್ತು ಸೊಟ್ಟ ಪದ ಬಾಯಿಗೆ ಬಂತು. ಈಟ್ ಏಟ್ ಈಟನ್, ಡ್ರಿಂಕ್ ಡ್ರ್ಯಾಂಕ್ ಡ್ರಂಕ್ ಅಂತ ಹಿತ್ತಲಲ್ಲಿ ಕೂಗ್ತಾ ಓಡಾಡೋನು. ದೊಡ್ಡವ್ವ ಸೌದೆ ಒಡೀತಾ ನಗೋಳು. ಅವಳು ನಕ್ಕಿದ್ದು ನಾನು ಮೊದಲು ನೋಡಿದ್ದೇ ಆವಾಗ.

ಮೇಷ್ಟ್ರದ್ದು ಒಂದು ಕಟ್ಟುನಿಟ್ಟು. ತಾನು ಮುಂದಿನ ಪದ ಕೊಡೋವರೆಗೂ ಕೊಟ್ಟ ಪದ ನಿಲ್ಲಿಸಬಾರದು. ಒಂದು ದಿನ ಮಧ್ಯಾಹ್ನ ಸ್ಲೀಪ್ ಅಂದ್ರು. ಇವನು ಶುರು ಮಾಡಿದ. ಸ್ಲೀಪ್ ಸ್ಲೆಪ್ಟ್ ಸ್ಲೆಪ್ಟ್. ಸ್ಲೀಪ್ ಸ್ಲೆಪ್ಟ್ ಸ್ಲೆಪ್ಟ್. ಮುಂದಿನ ಪದ ಬರಲಿಲ್ಲ. ಹೊತ್ತು ಇಳೀತು, ದನ ಮನೆಗೆ ಬಂದ್ವು, ಪದ ಬರಲಿಲ್ಲ. ದೊಡ್ಡವ್ವ ಹುಡುಕ್ಕೊಂಡು ಹೋದಾಗ ಗಂಟಲು ಬಿದ್ದುಹೋಗಿ ಬರೀ ತುಟಿ ಅಲ್ಲಾಡ್ತಿತ್ತಂತೆ. ಒಳಗೆ ಹೋಗಿ ನೋಡಿದ್ರೆ ಮೇಷ್ಟ್ರು ತಣ್ಣಗಾಗಿದ್ರು. ಬಾಯಿ ತೆರೆದೇ ಇತ್ತು, ಮುಂದಿನ ಪದ ಹೇಳೋಕೆ ಹೊರಟಿದ್ದ ಹಾಗೆ. ಇರುವೆ ಆಗಲೇ ಸಾಲು ಹಿಡಿದಿದ್ವು.

ದೊಡ್ಡವ್ವ ಚೆನ್ನಾಗಿ ಬೈದ್ಲು. ಮನುಷ್ಯ ಮಾತು ನಿಲ್ಲಿಸಿದ್ರೆ ಹೊರಗೆ ಕೂತು ಭಜನೆ ಮಾಡ್ತಾರೇನೋ, ಒಳಗೆ ಹೋಗಬೇಕು, ಭುಜ ಹಿಡಿದು ಅಲ್ಲಾಡಿಸಬೇಕು, ಕಿವೀಲಿ ಕೂಗಬೇಕು ಅಂತ. ಸರಿ ಅವ್ವ ಅಂದ.

ಮಾರನೇ ದಿನ ಮಣ್ಣು. ನಮ್ಮಲ್ಲಿ ಹೆಣ ಮಲಗಿಸಲ್ಲ, ಕೂರಿಸ್ತಾರೆ. ಮೇಷ್ಟ್ರಿಗೆ ನೀರು ಹಾಕಿ, ಹಣೆ ತುಂಬ ವಿಭೂತಿ ಬಳಿದು, ಪೇಟ ಸುತ್ತಿ, ಅದೇ ಜಗಲಿ ಮೇಲೆ ಗೋಡೆಗೆ ಒರಗಿಸಿ, ಕತ್ತು ಬೀಳದ ಹಾಗೆ ಗೂಟಕ್ಕೆ ಬಟ್ಟೆ ಬಿಗಿದು ಕೂರಿಸಿದ್ರು. ಊರೆಲ್ಲ ಸೇರಿತ್ತು. ಗುರುಮಲ್ಲ ಬಂದ. ಮೇಷ್ಟ್ರು ಮಾತಾಡ್ತಿಲ್ಲ ಅನ್ನೋದು ಅವನಿಗೆ ಕಾಣಿಸ್ತು. ಸೀದಾ ಹೋದ, ಎರಡು ಭುಜ ಹಿಡಿದ, ಅಲ್ಲಾಡಿಸಿದ, ಕಿವಿಗೆ ಬಾಯಿಟ್ಟು ‘ಮೇಷ್ಟ್ರೇ, ಮುಂದಿನ ಪದ’ ಅಂತ ಕೂಗಿದ.

ನಗ್ತಿದ್ದೀರಾ? ನಗಿ. ನಾನು ಅಲ್ಲೇ ಇದ್ದೆ, ಯಾರೂ ನಗಲಿಲ್ಲ. ಕಟ್ಟಿದ ಬಟ್ಟೆ ಬಿಚ್ಕೊಂಡು ಮೇಷ್ಟ್ರ ತಲೆ ಇವನ ಭುಜದ ಮೇಲೆ ಬಿತ್ತು. ಎದೇಲಿ ಉಳಿದಿದ್ದ ಗಾಳಿ ಗಂಟಲಿಂದ ‘ಹ್ಞಾ’ ಅಂತ ಹೊರಗೆ ಬಂತು. ಹೆಂಗಸರು ಮಕ್ಕಳನ್ನ ಎತ್ಕೊಂಡು ಓಡಿದ್ರು. ಇವನಿಗೆ ಒಂಚೂರೂ ಭಯ ಇಲ್ಲ. ತಲೇನ ಮೆಲ್ಲಗೆ ಗೋಡೆಗೆ ಒರಗಿಸಿ, ದಿನಾ ಹೇಳೋ ಹಾಗೇ, ‘ಸರಿ ಮೇಷ್ಟ್ರೇ, ನಾಳೆ ಬರ್ತೀನಿ’ ಅಂತ ಹೇಳಿ ಇಳಿದು ಬಂದ.

ಸಾವಿನ ಮನೇಲಿ ಬರ್ತೀನಿ ಅನ್ನಬಾರದು. ನಿಮಗೆಲ್ಲ ಗೊತ್ತು, ಗೊತ್ತಿಲ್ಲದಿದ್ರೆ ಈಗ ತಿಳ್ಕೊಳ್ಳಿ. ಬೇರೆ ಮನೇಲಿ ಹೋಗ್ತೀನಿ ಅನ್ನಬಾರದು, ಈ ಮನೇಲಿ ಬರ್ತೀನಿ ಅನ್ನಬಾರದು. ಅಲ್ಲಿದ್ದ ಒಬ್ಬ ಮುದುಕ ಎದೆ ಹಿಡ್ಕೊಂಡು, ಹೆಣಕ್ಕೆ ಬರ್ತೀನಿ ಅಂದೋನು ಬರಲೇಬೇಕು, ಇಲ್ಲದಿದ್ರೆ ಅದೇ ಬರುತ್ತೆ ಕರ್ಕೊಂಡು ಹೋಗೋಕೆ ಅಂದ. ದೊಡ್ಡವ್ವ ಮನೆಗೆ ಬಂದು ಮೊರದಲ್ಲಿ ಬಾರಿಸಿದ್ಲು. ಇನ್ನು ಬರ್ತೀನಿ ಅಂತ ಬಾಯಿ ಬಿಟ್ಟೀಯೆ, ಹುಷಾರ್ ಅಂದ್ಲು. ಸರಿ ಅವ್ವ ಅಂದ. ಆದ್ರೆ ಹೇಳಿದ್ದಾಗಿತ್ತಲ್ಲ. ಹೇಳಿದ ಮೇಲೆ ಹೋಗಬೇಕಲ್ಲ. ಹೋದ.

ಮೇಷ್ಟ್ರ ಕಡೆ ನೆಂಟ ಯಾರೋ ದೂರದಿಂದ ಬಂದೋನು ಮನೆಗೆ ಬೀಗ ಜಡಿದು ಹೊರಟುಹೋಗಿದ್ದ. ಗುರುಮಲ್ಲ ಮಟಮಟ ಮಧ್ಯಾಹ್ನ ಜಗಲಿ ಮೇಲೆ ಕೂತು ಪಾಠ ಒಪ್ಪಿಸಿ ಬರೋನು. ನಮಗೆ ಯಾರಿಗೂ ಗೊತ್ತಿಲ್ಲ. ಹೊಲದ ಕಡೆ ಹೋಗಿದ್ದಾನೆ ಅಂದ್ಕೊಂಡಿದ್ವಿ.

ಎಂಟನೇ ದಿನಕ್ಕೇನೋ, ಶಾಲೆ ಟೀಚರಮ್ಮ ನಮ್ಮ ಬೀದೀಲಿ ಹೋಗ್ತಿದ್ಲು. ಇವನು ಹಿತ್ತಲಲ್ಲಿ ಕೂಗ್ತಿದ್ದ. ಡಿಗ್ ಡಗ್ ಡಗ್. ಹೈಡ್ ಹಿಡ್ ಹಿಡನ್. ಸಿಂಕ್ ಸ್ಯಾಂಕ್ ಸಂಕ್. ಲೀವ್ ಲೆಫ್ಟ್ ಲೆಫ್ಟ್. ಟೀಚರಮ್ಮ ನಿಂತ್ಲು. ಒಂದೂ ತಪ್ಪಿಲ್ಲ ದೇವಮ್ಮಣ್ಣಿ, ಈ ಸಲ ನಿಮ್ಮ ಮಗ ಪಾಸೇ ಅಂದ್ಲು. ದೊಡ್ಡವ್ವನ ಮುಖ ಅರಳಿತು. ಮೇಷ್ಟ್ರು ಪುಣ್ಯಾತ್ಮ, ಸಾಯೋದ್ರೊಳಗೆ ಎಲ್ಲಾ ಹೇಳಿಕೊಟ್ಟು ಹೋದ್ರು ಅಂದ್ಲು.

ಅದಕ್ಕೆ ಗುರುಮಲ್ಲ, ಇಲ್ಲ ಅವ್ವ, ಇವು ಹೊಸಾವು, ಸಿಂಕ್ ನೆನ್ನೆ ಕೊಟ್ರು ಅಂದ.

ಯಾರು ಕೊಟ್ರು ಅಂತ ಟೀಚರಮ್ಮ ಕೇಳಿದ್ಲು. ಮೇಷ್ಟ್ರು ಅಂದ. ಎಲ್ಲಿಂದ ಅಂತ ಕೇಳಿದ್ಲು. ಒಳಗಿಂದ ಅಂದ. ಟೀಚರಮ್ಮ ಸೆರಗು ಹೊದ್ಕೊಂಡು ಹೊರಟುಹೋದ್ಲು. ದೊಡ್ಡವ್ವನಿಗೆ ಇಂಗ್ಲಿಷ್ ಬರಲ್ಲ, ನಂಗೂ ಬರಲ್ಲ. ಬರೋಳು ಸರಿ ಅಂತ ಹೇಳಿ ಹೋಗಿದ್ದಳಲ್ಲ, ನಾವು ಹೆದರಿದ್ದೇ ಅದಕ್ಕೆ. ಇವನ ತಲೇಲಿ ಹುಟ್ಟಿದ ಪದ ಆಗಿದ್ರೆ ತಪ್ಪಿರಬೇಕಿತ್ತು.

ಮಾರನೇ ದಿನ ನಾನೂ ದೊಡ್ಡವ್ವನೂ ಮೇಷ್ಟ್ರ ಮನೆ ಬೇಲಿ ಹಿಂದೆ ನಿಂತ್ವಿ. ಬಿಸಿಲು ಅಂದ್ರೆ ಬಿಸಿಲು, ಕಾಗೇನೂ ಕೂಗ್ತಿರಲಿಲ್ಲ. ಬಾಗಿಲಿಗೆ ಬೀಗ ನೇತಾಡ್ತಿತ್ತು. ಗುರುಮಲ್ಲ ಕೈ ಕಟ್ಕೊಂಡು ಗವಾಕ್ಷಿ ಕಡೆ ಮುಖ ಮಾಡಿ ಕೂತಿದ್ದ. ಸುಮ್ಮನಿದ್ದ. ಆಮೇಲೆ ಕಿವಿ ಒಂಚೂರು ವಾಲಿಸಿ ಕೇಳಿಸ್ಕೊಂಡ. ‘ಬ್ರಿಂಗ್ ಬ್ರಾಟ್ ಬ್ರಾಟ್’ ಅಂದ. ಮತ್ತೆ ಸುಮ್ಮನಾದ, ಮತ್ತೆ ಕೇಳಿಸ್ಕೊಂಡ. ‘ಟೇಕ್ ಟುಕ್ ಟೇಕನ್.’ ನಮಗೆ ಒಳಗಿಂದ ಒಂದು ಮಾತೂ ಕೇಳಲಿಲ್ಲ. ಆದ್ರೆ ಮಂಚ ಕಿರ್‌ ಅಂದಿದ್ದು ಕೇಳಿಸ್ತು, ಮಲಗಿದೋರು ಮಗ್ಗುಲು ಬದಲಾಯಿಸಿದ ಹಾಗೆ. ದೊಡ್ಡವ್ವ ನನ್ನ ಕೈ ಹಿಡಿದಿದ್ಲು, ನನ್ನ ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿದ್ದು ಮನೆಗೆ ಬಂದ ಮೇಲೆ ಗೊತ್ತಾಯ್ತು.

ಸಂಜೆ ದೊಡ್ಡವ್ವ ಮಗನನ್ನ ಎದುರಿಗೆ ಕೂರಿಸ್ಕೊಂಡ್ಲು. ಈ ಸಲ ಹೊಡೀಲಿಲ್ಲ. ನಿಧಾನವಾಗಿ ಹೇಳಿದ್ಲು. ‘ನೋಡು ಮಗ, ಯಾರಾದ್ರೂ ಕೂಗಿದ್ರೆ ಒಂದೇ ಸಲಕ್ಕೆ ಓಗೊಡಬೇಡ. ಎರಡನೇ ಸಲಕ್ಕೂ ಓಗೊಡಬೇಡ. ಮೂರನೇ ಸಲ ಕೂಗಿದ್ರೆ ಮಾತ್ರ ಓ ಅನ್ನು. ಸತ್ತೋರು ಮೂರು ಸಲ ಕೂಗಲ್ಲ, ಬದುಕಿರೋರು ಕೂಗ್ತಾರೆ.’

ಇದು ಹಿಂದಿನಿಂದ ಬಂದ ಮಾತು, ಅವಳು ಕಟ್ಟಿದ್ದಲ್ಲ. ನಮ್ಮತ್ತೇನೂ ನನಗೆ ಹೇಳಿದ್ಲು. ಗುರುಮಲ್ಲ ಎಡಗೈ ಬೆರಳು ಮಡಚಿ ಒಂದು ಎರಡು ಮೂರು ಅಂತ ಎಣಿಸಿ ನೋಡ್ಕೊಂಡ. ಸರಿ ಅವ್ವ ಅಂದ.

ಫಲ ಕೊಟ್ಟಿತು ನೋಡಿ! ಮಾರನೇ ದಿನ ಜಗಲಿಗೆ ಹೋಗಿ ಬಂದು ಹೇಳಿದ, ಮೇಷ್ಟ್ರು ಒಂದು ಸಲ ಕೂಗಿದ್ರು ಅವ್ವ, ನಾನು ಸುಮ್ಮನಿದ್ದೆ, ಇನ್ನೊಂದು ಸಲ ಕೂಗಿದ್ರು, ಸುಮ್ಮನಿದ್ದೆ, ಆಮೇಲೆ ಅವರೂ ಸುಮ್ಮನಾದ್ರು. ಅದರ ಮಾರನೇ ದಿನದಿಂದ ಕೂಗು ನಿಂತೇಹೋಯ್ತು. ಗುರುಮಲ್ಲನಿಗೆ ಹೇಳಿದ ಬುದ್ಧಿ ನೆಟ್ಟಗೆ ದಡ ಮುಟ್ಟಿದ್ದು ಅದೇ ಮೊದಲು. ದೊಡ್ಡವ್ವ ಮಹದೇಶ್ವರನಿಗೆ ಕಾಯಿ ಒಡೆಸಿದ್ಲು, ನಮಗೂ ಚೂರು ಕೊಟ್ಲು. ನಾನು ತಿಂದೆ.

ಪರೀಕ್ಷೆ ದಿನ ಬಂತು. ಹೊಸಿಲು ದಾಟುವಾಗ ಗುರುಮಲ್ಲ ‘ಹೋಗ್ತೀನಿ ಅವ್ವ’ ಅಂದ. ಬರ್ತೀನಿ ಅನ್ನಬೇಡ ಅಂತ ಮೊರದೇಟು ಬಿದ್ದಿತ್ತಲ್ಲ. ದೊಡ್ಡವ್ವನ ಮುಖ ಬಿಳಿಚ್ಕೊಂಡಿತು. ಅವಳೇ ಅವನ ಪರವಾಗಿ ಹೋಗಿ ಬಾ, ಹೋಗಿ ಬಾ ಅಂತ ಬೀದಿ ತುದಿವರೆಗೂ ಹೇಳ್ತಾ ಹೋದ್ಲು. ಸಂಜೆ ಬಂದ. ಬರೆದ್ಯಾ ಅಂತ ಕೇಳಿದ್ರೆ ಇಲ್ಲ ಅಂದ. ಏನಾಗಿತ್ತು ಅಂದ್ರೆ, ಒಳಗೆ ಬಿಡೋಕೆ ಮುಂಚೆ ಒಬ್ಬೊಬ್ಬರ ಹೆಸರು ಕೂಗಿದ್ರಂತೆ. ಇವನ ಹೆಸರು ಕೂಗಿದ್ರು, ಒಂದು ಬೆರಳು ಮಡಚಿದ. ಮತ್ತೆ ಕೂಗಿದ್ರು, ಎರಡನೇ ಬೆರಳು ಮಡಚಿದ. ಮೂರನೇ ಸಲ ಯಾರು ಕೂಗ್ತಾರೆ? ಬಂದಿಲ್ಲ ಅಂತ ಬರ್ಕೊಂಡು ಬಾಗಿಲು ಹಾಕಿದ್ರು. ಇವನು ಮರದ ಕೆಳಗೆ ಕೂತು, ಒಳಗಿನ ಮಕ್ಕಳು ಬರೆಯೋ ಹೊತ್ತಿಗೆ ಎಲ್ಲಾ ಸೊಟ್ಟ ಪದಾನೂ ಮರಕ್ಕೆ ಒಪ್ಪಿಸಿ ಬಂದಿದ್ದ.

ದೊಡ್ಡವ್ವ ಅವತ್ತು ಬೈಯಲಿಲ್ಲ, ಒಲೆ ಹಚ್ಚಲಿಲ್ಲ. ನಾನೇ ಎರಡು ಮುದ್ದೆ ಕೊಟ್ಟು ಬಂದೆ. ಬೆಳಗ್ಗೆ ಎದ್ದು ಮುಖ ತೊಳ್ಕೊಂಡು, ಆರು ತಿಂಗಳಿಗೆ ಇನ್ನೊಂದು ಪರೀಕ್ಷೆ ಇದೆಯಂತೆ ಚೆನ್ನಾಜಿ, ಅಲ್ಲೀವರೆಗೂ ನಾನು ಗಟ್ಟಿಯಾಗಿದ್ರೆ ಸಾಕು ಅಂದ್ಲು. ಮಗನಿಗೆ ಬುದ್ಧೀನ ತಿದ್ದಿ ಹೇಳಿದ್ಲು. ಎದುರಿಗೆ ಕಾಣಿಸೋರು ಕೂಗಿದ್ರೆ ತಕ್ಷಣ ಓ ಅನ್ನು. ಕಾಣಿಸದೆ ಇರೋರು ಕೂಗಿದ್ರೆ ಮಾತ್ರ ಮೂರರವರೆಗೂ ಕಾಯಿ. ಸರಿ ಅವ್ವ ಅಂದ. ನಾನೂ ಗೋಡೆ ಈಚೆ ನಿಂತು ಕೇಳಿಸ್ಕೊಂಡೆ, ಇದು ಸರಿಯಾದ ಬುದ್ಧಿ ಅಂದ್ಕೊಂಡೆ. ಈಗಲೂ ಹೇಳ್ತೀನಿ, ಅದರಲ್ಲಿ ತಪ್ಪೇನಿತ್ತು?

ನೀವು ಹಗೇವು ನೋಡಿಲ್ಲ ಅಲ್ವಾ? ಈಗಿನೋರು ಎಲ್ಲಿ ನೋಡ್ತೀರ. ಅಂಗಳದಲ್ಲಿ ನೆಲದೊಳಗೆ ಗುಡಾಣದ ಹಾಗೆ ತೋಡಿರೋರು, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ರಾಗಿ ತುಂಬಿ ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದ್ರೆ ವರ್ಷಗಟ್ಟಲೆ ಕೆಡಲ್ಲ. ಆದ್ರೆ ಒಳಗಿನ ಗಾಳಿ ಕೆಟ್ಟಿರುತ್ತೆ. ಚಪ್ಪಡಿ ಸರಿಸಿ ಅರ್ಧ ದಿನ ಹಾಗೇ ಬಿಡಬೇಕು, ಆಮೇಲೆ ಹಗ್ಗದಲ್ಲಿ ದೀಪ ಇಳಿಸಿ ನೋಡಬೇಕು. ದೀಪ ಉರಿದ್ರೆ ಮನುಷ್ಯ ಇಳೀಬಹುದು. ನಂದಿದ್ರೆ ಹತ್ರಾನೂ ಹೋಗಬಾರದು.

ದೊಡ್ಡವ್ವ ಬೆಳಗ್ಗೆ ಹೊಲಕ್ಕೆ ಹೋಗುವಾಗ, ಹಗೇವಿನ ಚಪ್ಪಡಿ ಸರಿಸೋ, ಮಧ್ಯಾಹ್ನ ಬಂದು ರಾಗಿ ತೆಗೀಬೇಕು ಅಂತ ಹೇಳಿ ಹೋದ್ಲು. ಗುರುಮಲ್ಲ ಸರಿಸಿದ. ಅಷ್ಟರಲ್ಲೇ ನಮ್ಮನೆ ಕರು ಹಗ್ಗ ಕಿತ್ಕೊಂಡು ಅವರ ಅಂಗಳಕ್ಕೆ ನುಗ್ಗಿತು. ನಾನು ನೋಡಿದೆ, ಆ ಬಾಯಿ ತೆರೆದ್ಕೊಂಡಿದೆ, ಕರು ಅದರ ಸುತ್ತಾನೇ ಕುಣೀತಿದೆ. ‘ಕರು ಬೀಳುತ್ತೆ, ಮುಚ್ಚೋ ಅದನ್ನ’ ಅಂತ ಕೂಗಿದೆ.

ನಾನೇ ಕೂಗಿದ್ದು. ಎದುರಿಗೆ ಕಾಣಿಸ್ತಿದ್ದೆ, ಒಂದೇ ಸಲಕ್ಕೆ ಓ ಅಂದ. ಮುಚ್ಚಿದ. ಕರು ಎಳ್ಕೊಂಡು ನಾನು ಕೆರೆಗೆ ಬಟ್ಟೆ ಒಗೆಯೋಕೆ ಹೋದೆ. ಮತ್ತೆ ತೆಗಿಯೋ ಅಂತ ಹೇಳೋದು ನನ್ನ ಮನಸ್ಸಿಗೇ ಬರಲಿಲ್ಲ.

ಮಧ್ಯಾಹ್ನ ದೊಡ್ಡವ್ವ ಬಂದ್ಲು. ಬೆಳಗ್ಗೆ ತೆಗೆದ್ಯಾ ಅಂತ ಕೇಳಿದ್ಲಂತೆ. ತೆಗೆದೆ ಅಂದ. ಮತ್ತೆ ಮುಚ್ಚಿದೆಯಲ್ಲ ಅಂದ್ಲು. ಕರು ಬೀಳುತ್ತೆ ಅಂತ ಅಕ್ಕ ಹೇಳಿದ್ರು, ಮುಚ್ಚಿದೆ ಅಂದ. ತೆಗೆದೆ ಅಂದ, ಮುಚ್ಚಿದೆ ಅಂದ, ಎರಡೂ ಆಗಿಹೋದ ಮಾತು, ಎರಡೂ ಸತ್ಯ. ಯಾವಾಗ ಅಂತ ಅವಳು ಕೇಳಲಿಲ್ಲ. ಅರ್ಧ ದಿನ ಗಾಳಿ ಆಡಿದೆ ಅಂದ್ಕೊಂಡ್ಲು. ಹಸಿದಿದ್ಲು, ಮಗಾನೂ ಹಸಿದಿದ್ದ. ಚಪ್ಪಡಿ ಸರಿಸಿದ್ಲು, ದೀಪ ಇಳಿಸಲಿಲ್ಲ. ಮೊರ ಸೊಂಟಕ್ಕೆ ಸಿಕ್ಕಿಸಿ ಏಣಿ ಇಟ್ಟು ಇಳಿದ್ಲು.

ನಾನು ಕೆರೆಯಿಂದ ಬಂದೆ. ಬಟ್ಟೆ ಹರವೋಕೆ ಮೋಟುಗೋಡೆ ಹತ್ರ ಬಂದು ನೋಡಿದ್ರೆ, ಗುರುಮಲ್ಲ ಹಗೇವಿನ ಬಾಯಿ ಹತ್ರ ಕುಕ್ಕರಗಾಲಲ್ಲಿ ಕೂತಿದ್ದ. ಎಡಗೈ ಎತ್ತಿ ಹಿಡಿದಿದ್ದ, ಎರಡು ಬೆರಳು ಮಡಚಿದ್ದ. ಅವ್ವ ಎಲ್ಲೋ ಅಂದೆ. ಒಂದೇ ಸಲಕ್ಕೆ ಓ ಅಂದ. ಒಳಗಿಳಿದ್ಲು ಅಂದ. ಮತ್ತೆ ನೀನೇನೋ ಮಾಡ್ತಿದ್ದೀಯ ಅಂದೆ.

‘ಕೆಳಗಿಂದ ಯಾರೋ ನನ್ನ ಹೆಸರು ಕೂಗಿದ್ರು ಅಕ್ಕ. ಕಾಣಿಸ್ಲಿಲ್ಲ. ಎರಡಾಯ್ತು. ಇನ್ನೊಂದು ಬರಬೇಕು.’

ನನ್ನ ಕೈಲಿದ್ದ ಬಟ್ಟೆ ಮಣ್ಣಿಗೆ ಬಿತ್ತು. ಕಿರುಚಿದೆ, ಗಂಡಸರು ಬಂದ್ರು, ದೀಪ ಇಳಿಸಿದ್ರೆ ಮೊಳದುದ್ದಕ್ಕೇ ನಂದಿತು. ಕಂಬಳಿ ಬೀಸಿ ಗಾಳಿ ಆಡಿಸಿ, ಒಬ್ಬನಿಗೆ ಹಗ್ಗ ಕಟ್ಟಿ ಇಳಿಸಿ ಅವಳನ್ನ ಮೇಲೆ ತಗೊಳ್ಳೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಮೊರದಲ್ಲಿ ಅರ್ಧ ರಾಗಿ ತುಂಬಿದ್ಲು.

ಅವಳನ್ನೂ ಕೂರಿಸಿದ್ವಿ, ವಿಭೂತಿ ಬಳಿದ್ವಿ. ಗುರುಮಲ್ಲ ಅಳಲಿಲ್ಲ. ಅಳು ಅಂತ ಯಾರೂ ಹೇಳಿರಲಿಲ್ಲ. ಅವ್ವನ ಎದುರಿಗೆ ಕೈ ಕಟ್ಟಿ ಕೂತು ಸ್ಲೀಪ್ ಸ್ಲೆಪ್ಟ್ ಸ್ಲೆಪ್ಟ್ ಅಂತ ಒಪ್ಪಿಸ್ತಿದ್ದ. ಟೀಚರಮ್ಮ ಬಂದೋಳು ಕೇಳಿಸ್ಕೊಂಡು ಬಾಯಿಗೆ ಸೆರಗು ತುರುಕ್ಕೊಂಡ್ಲು.

ಹಗೇವಿಗೆ ಊರಿನವರು ಕಲ್ಲು ಮಣ್ಣು ತುಂಬಿ ನೆಲಸಮ ಮಾಡಿದ್ರು. ಗುರುಮಲ್ಲ ಆ ಜಾಗ ಬಿಟ್ಟು ಏಳಲಿಲ್ಲ. ಎಡಗೈಯ ಎರಡು ಬೆರಳು ಬಿಚ್ಚಲಿಲ್ಲ, ಸ್ನಾನ ಮಾಡಿಸಿದ್ರೂ ಬಿಚ್ಚಲಿಲ್ಲ, ಮಲಗಿದಾಗಲೂ ಬಿಚ್ಚಲಿಲ್ಲ. ದಿನಾ ನಾನೇ ಮುದ್ದೆ ತಗೊಂಡು ಹೋಗ್ತಿದ್ದೆ. ಉಣ್ಣು ಅಂದ್ರೆ ಉಣ್ಣೋನು. ಸಾಕು ಅನ್ನೋವರೆಗೂ ಉಣ್ಣೋನು.

ನಂಗೆ ಎರಡು ಮಕ್ಕಳಿದ್ದೋ, ಮನೇಲಿ ಅತ್ತೆ ಗೊಣಗೋಳು, ಇನ್ನೆಷ್ಟು ದಿನ ಆ ತೊಲೆಗೆ ಅಟ್ಟು ಹಾಕ್ತೀಯ ಅಂತ. ನಿಮ್ಮ ಹತ್ರ ಮುಚ್ಚಿಡೋದೇನು, ನನಗೂ ಹಾಗೇ ಅನ್ನಿಸ್ತಿತ್ತು. ಮುದ್ದೆ ಇಡುವಾಗ ಅವನ ಮುಖ ನೋಡೋಕಾಗ್ತಿರಲಿಲ್ಲ, ಇಡದೆ ಬರೋಕೂ ಆಗ್ತಿರಲಿಲ್ಲ. ದೊಡ್ಡವ್ವ ಯಾರು ಹಾಕ್ತಾರೆ ಅಂತ ಕೇಳಿದ್ದು ನನ್ನನ್ನೇ ಅಲ್ವಾ? ನಾನು ಹಾಕ್ತೀನಿ ಅಂತ ಆಗ ಒಂದು ಮಾತು ಅಂದಿರಲಿಲ್ಲ.

ಹನ್ನೊಂದನೇ ದಿನ. ಮಟಮಟ ಮಧ್ಯಾಹ್ನ. ತಟ್ಟೆ ಅವನ ಮುಂದೆ ಇಟ್ಟೆ. ಉಣ್ಣು ಅಂದೆ. ಒಂದು ತುತ್ತು ಮುರಿದ.

‘ಗುರುಮಲ್ಲಾ.’

ನನ್ನ ಕಿವೀಲೇ ಕೇಳಿದೆ. ಸುಳ್ಳು ಹೇಳಿದ್ರೆ ಈ ನಾಲಿಗೆ ಬಿದ್ದುಹೋಗಲಿ. ಕಾಲ ಕೆಳಗಿಂದ, ಕಲ್ಲು ಮಣ್ಣಿನ ಕೆಳಗಿಂದ. ದೊಡ್ಡವ್ವನ ದನಿ. ನೋವಿನ ಕೂಗಲ್ಲ. ಹೊತ್ತಾಯ್ತು, ಉಣ್ಣೋಕೆ ಬಾ ಅಂತ ದಿನಾ ಹಿತ್ತಲಿಗೆ ಕೂಗ್ತಿದ್ಲಲ್ಲ, ಆ ಕೂಗು. ಗುರುಮಲ್ಲ ತುತ್ತು ತಟ್ಟೆಗೆ ಹಾಕಿದ. ಎಡಗೈ ನೋಡ್ಕೊಂಡ. ಮೂರನೇ ಬೆರಳು ಮಡಚಿದ. ಹನ್ನೊಂದು ದಿನದಿಂದ ಕಲ್ಲಾಗಿದ್ದ ಆ ಮುಖದಲ್ಲಿ ನಗು ಬಂತು. ‘ಮೂರಾಯ್ತು ಅಕ್ಕ’ ಅಂದ. ಓ ಅನ್ನೋಕೆ ಬಾಯಿ ತೆರೆದ.

ಹಾರಿ ಅವನ ಬಾಯಿ ಮುಚ್ಚಿದೆ. ಎರಡೂ ಕೈಲಿ ಒತ್ತಿ ಹಿಡಿದೆ. ‘ಓಗೊಡಬೇಡ ಕಣೋ, ನಿನ್ನ ಕಾಲಿಗೆ ಬೀಳ್ತೀನಿ. ಯಾರು ಕೂಗಿದ್ರೂ ಓಗೊಡಬೇಡ. ನಾನಿದ್ದೀನಿ, ನಾನು ಹಾಕ್ತೀನಿ ನಿಂಗೆ ಊಟ, ಸಾಯೋವರೆಗೂ ಹಾಕ್ತೀನಿ’ ಅಂದೆ. ಮನಸಾರೆ ಅಂದೆ. ನನ್ನ ಕೈ ಕೆಳಗೆ ತಲೆ ಅಲ್ಲಾಡಿಸಿದ, ಸರಿ ಅನ್ನೋ ಹಾಗೆ. ಕೈ ತೆಗೆದೆ. ಬಾಯಿ ಮುಚ್ಚೇ ಇತ್ತು. ಓ ಅನ್ನಲಿಲ್ಲ.

ಗುರುಮಲ್ಲ ಓಗೊಡಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿದ, ಹಗೇವು ಮುಚ್ಚಿದ್ದ ಮಣ್ಣಿನ ಮೇಲೆ ಮಗ್ಗುಲಾಗಿ ಮಲಗಿದ, ನೆಲಕ್ಕೆ ಕಿವಿ ಇಟ್ಟ. ಕಣ್ಣು ಮುಚ್ಚಿದ. ಆಯಾಸಕ್ಕೆ ಮಲಗಿದ ಅಂದ್ಕೊಂಡೆ. ಎಷ್ಟು ದಿನ ಆಗಿತ್ತೋ ಸರಿಯಾಗಿ ನಿದ್ದೆ ಮಾಡಿ, ಮಲಗಲಿ ಅಂತ ಸೆರಗಲ್ಲಿ ನೊಣ ಓಡಿಸ್ತಾ ಕೂತೆ. ಮಡಚಿದ್ದ ಬೆರಳು ಒಂದೊಂದಾಗಿ ಬಿಚ್ಕೊಂಡ್ವು.

ಬಿಸಿಲು ತಿರುಗಿ ಅವನ ಮುಖದ ಮೇಲೆ ಬಂತು. ನೆರಳಿಗೆ ಬಾರೋ ಅಂತ ಕೂಗಿದೆ. ಗುರುಮಲ್ಲಾ ಅಂದೆ. ಎದುರಿಗೇ ಕೂತಿದ್ದೆ, ಕಾಣಿಸೋ ಹಾಗೇ ಇದ್ದೆ. ಎರಡನೇ ಸಲ ಕೂಗಿದೆ. ಮೂರನೇ ಸಲ ಕೂಗಿದೆ. ಅಕ್ಕಪಕ್ಕದೋರೆಲ್ಲ ಓಡಿ ಬಂದ್ರು, ಅಷ್ಟು ಗಟ್ಟಿಯಾಗಿ ಕೂಗಿದೆ. ಭುಜ ಹಿಡಿದು ಅಲ್ಲಾಡಿಸಿದ್ರೆ ಬಿಸಿಲಲ್ಲೂ ಮೈ ತಣ್ಣಗಿತ್ತು.

ಓಗೊಡಬೇಡ ಅಂತ ನಾನೇ ಹೇಳಿದ್ದೆನಲ್ಲ. ಪೆದ್ದ ಮುಂಡೇದು, ಹೇಳಿದ ಮಾತು ಕೇಳ್ತು.